ಕರ್ನಲ್ ನಿಲ್ಲಿಸುವ ಮುಂಚೆ ಇನ್ನೊಂದು ದಾರಿ ನೋಡಿಟ್ಟುಕೊಳ್ಳಿ

ರಾತ್ರಿ ಹತ್ತೂವರೆಗೆ ಫೋನ್ ಬಂತು. ‘ಮೇಡಂ, ನೀವು ಹೇಳಿದ ಹಾಗೇ ಕೆಜಿಡಿಬಿ ಆನ್ ಮಾಡಿದೆ. ಸರ್ವರ್ ಸತ್ತೇ ಹೋಯ್ತು.’

ಕೆಜಿಡಿಬಿ ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನೇ ನಿಲ್ಲಿಸಿ ಒಳಗೆ ನೋಡುವ ಡೀಬಗರ್. ಹುಡುಗ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಬಹುದು. ಡ್ರೈವರ್ ಕೋಡ್ ಚೆನ್ನಾಗಿ ಬರೆಯುತ್ತಾನೆ. ಏನು ಮಾಡಿದಿರಿ ಅಂತ ಕೇಳಿದೆ. ಎಸ್‌ಎಸ್‌ಎಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ದೂರದಿಂದಲೇ, ಲಾಗಿನ್ ಆಗಿ, ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲಿಗೆ, ಡೀಬಗರ್ ಒಳಗೆ ಹೋಗು ಅನ್ನುವ ‘ಜಿ’ ಅಕ್ಷರ ಬರೆದೆ ಅಂದ. ಎಂಟರ್ ಒತ್ತಿದ ಕೂಡಲೇ ವಿಂಡೋ ಅಲ್ಲಾಡದೆ ನಿಂತುಬಿಟ್ಟಿದೆ. ಪಿಂಗ್ ಮಾಡಿದರೂ ಉತ್ತರ ಇಲ್ಲ. ಪವರ್ ಆಫ್ ಮಾಡಿ ಆನ್ ಮಾಡಲೇ ಅಂತ ಕೇಳಲು ಫೋನ್ ಮಾಡಿದ್ದ.

ಈ ಫೋನ್ ನನಗೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಫೋನ್ ಮಾಡುವವರು ಬೇರೆ ಬೇರೆ, ಎಡವುವ ಕಲ್ಲು ಮಾತ್ರ ಅದೇ. ಅದಕ್ಕೇ ಈ ಒಂದು ವಿಷಯವನ್ನು ಇಲ್ಲಿ ಪೂರ್ತಿ ಬಿಡಿಸಿ ಹೇಳುತ್ತೇನೆ. ಕರ್ನಲ್ ಕಂಪೈಲ್ ಮಾಡುವುದು, ಬೂಟ್ ಸಾಲಿಗೆ ಪ್ಯಾರಾಮೀಟರ್ ಸೇರಿಸುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಸಾಮಾನ್ಯ ಡೀಬಗರ್ ಒಂದು ಪ್ರೋಗ್ರಾಂ ಅನ್ನು ನಿಲ್ಲಿಸುತ್ತದೆ. ಉಳಿದದ್ದೆಲ್ಲ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಡೀಬಗರ್ ಕೂಡ. ವರ್ಷಗಟ್ಟಲೆ ಅದನ್ನೇ ಬಳಸಿ ನಮಗೆ ಅದೇ ರೂಢಿ. ಕರ್ನಲ್ ಡೀಬಗರ್‌ನಲ್ಲಿ ನಿಲ್ಲುವುದು ಇಡೀ ಯಂತ್ರ. ಒಂದು ಸಿಪಿಯು ಡೀಬಗರ್ ಒಳಗೆ ಹೋದ ತಕ್ಷಣ ಉಳಿದ ಎಲ್ಲ ಸಿಪಿಯುಗಳನ್ನೂ ಹಿಡಿದು ನಿಲ್ಲಿಸುತ್ತದೆ. ಇಂಟರಪ್ಟ್‌ಗಳು, ಅಂದರೆ ಸಾಧನಗಳು ಸಿಪಿಯುವನ್ನು ಕರೆಯುವ ಸಂಕೇತಗಳು, ಬಂದ್. ಯಾವ ಪ್ರೋಗ್ರಾಂಗೂ ಸರದಿ ಸಿಗುವುದಿಲ್ಲ. ನಿಮ್ಮ ಎಸ್‌ಎಸ್‌ಎಚ್ ಕೂಡ ಆ ಯಂತ್ರದಲ್ಲಿ ಓಡುವ ಒಂದು ಪ್ರೋಗ್ರಾಂ ತಾನೆ? ಅದೂ ನಿಂತಿತು. ನೆಟ್‌ವರ್ಕ್ ಕಾರ್ಡಿಗೆ ನಿಮ್ಮ ಪ್ಯಾಕೆಟ್ ಬಂದು ತಲುಪುತ್ತದೆ, ಎತ್ತಿಕೊಳ್ಳುವವರು ಇಲ್ಲ. ಪಿಂಗ್‌ಗೆ ಉತ್ತರ ಕೊಡುವುದೂ ಕರ್ನಲ್ಲೇ. ನಿಂತ ಕರ್ನಲ್ ಯಾರಿಗೆ ಉತ್ತರ ಕೊಟ್ಟೀತು?

ಹಾಗಾದರೆ ನಿಂತ ಯಂತ್ರದ ಜೊತೆ ಮಾತಾಡುವುದು ಹೇಗೆ? ಹಳೆಯ ಸೀರಿಯಲ್ ಪೋರ್ಟ್ ಇನ್ನೂ ಉಳಿದಿರುವುದು ಇದಕ್ಕೇ. ಅದಕ್ಕೆ ಇಂಟರಪ್ಟ್ ಬೇಕಿಲ್ಲ. ಡೀಬಗರ್ ಒಂದು ರಿಜಿಸ್ಟರ್ ಅನ್ನು ಮತ್ತೆ ಮತ್ತೆ ಓದುತ್ತಾ ಕೂತಿರುತ್ತದೆ: ಅಕ್ಷರ ಬಂತಾ, ಬಂತಾ, ಬಂತಾ. ಬಂದರೆ ತೆಗೆದುಕೊಳ್ಳುತ್ತದೆ. ಅಷ್ಟು ಸರಳವಾದ ಕೆಲಸವನ್ನು ಉಳಿದೆಲ್ಲ ನಿಂತಾಗಲೂ ಮಾಡಬಹುದು. ಲಿನಕ್ಸ್‌ಗೆ ಕೆಜಿಡಿಬಿ 2008ರಲ್ಲಿ, 2.6.26 ಆವೃತ್ತಿಯಲ್ಲಿ ಸೇರಿತು. ಇವತ್ತಿಗೂ ಸರ್ವರ್‌ಗಳಲ್ಲಿ ಅದರ ಮುಖ್ಯ ದಾರಿ ಸೀರಿಯಲ್ಲೇ.

ದೂರದ ಸರ್ವರ್‌ಗೆ ಕೇಬಲ್ ಎಳೆಯುವುದು ಎಲ್ಲಿಂದ ಅಂತ ಕೇಳುತ್ತೀರಿ. ಬೇಕಾಗಿಲ್ಲ. ಬಹುತೇಕ ಎಲ್ಲ ಸರ್ವರ್‌ಗಳಲ್ಲಿ ಬಿಎಂಸಿ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೇರೆಯೇ ಕೂತಿರುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಐಪಿ ವಿಳಾಸ. ಸರ್ವರ್ ಆಫ್ ಇದ್ದರೂ ಅದಕ್ಕೆ ಕರೆಂಟ್ ಇರುತ್ತದೆ. ಅದರಲ್ಲಿ ಸೀರಿಯಲ್ ಓವರ್ ಲ್ಯಾನ್ ಅನ್ನುವ ಸೌಲಭ್ಯ ಇದೆ. ಸರ್ವರ್‌ನ ಕಡೆಯಿಂದ ನೋಡಿದರೆ ಅದೊಂದು ಸೀರಿಯಲ್ ಪೋರ್ಟ್. ನಿಮ್ಮ ಕಡೆಗೆ ಅದು ನೆಟ್‌ವರ್ಕ್ ಮೂಲಕ ಬರುತ್ತದೆ. ನಡುವೆ ಸರ್ವರ್‌ನ ಕರ್ನಲ್‌ಗೆ ಯಾವ ಕೆಲಸವೂ ಇಲ್ಲ.

ಆ ರಾತ್ರಿ ಹುಡುಗನಿಗೆ ಅದನ್ನೇ ತೆರೆಯಲು ಹೇಳಿದೆ. ಎಸ್‌ಎಸ್‌ಎಚ್ ವಿಂಡೋ ಮುಚ್ಚಬೇಡಿ, ಹಾಗೇ ಇರಲಿ ಅಂದೆ. ಪುಣ್ಯಕ್ಕೆ ಕೆಜಿಡಿಬಿಗೆ ಕೊಟ್ಟಿದ್ದ ಪೋರ್ಟ್ ಸರಿಯಾಗಿತ್ತು. ಬಿಎಂಸಿ ಕನ್ಸೋಲ್ ತೆರೆದ. ಒಂದು ಕ್ಷಣ ಸುಮ್ಮನಾದ. ‘ಮೇಡಂ, ಇಲ್ಲಿ ಕೆಡಿಬಿ ಪ್ರಾಂಪ್ಟ್ ಇದೆ. ಮೂರನೇ ಪ್ರೊಸೆಸರ್ ಅಂತ ಬೇರೆ ಬರೆದಿದೆ.’ ಕೆಡಿಬಿ ಅಂದರೆ ಕೆಜಿಡಿಬಿಗೆ ಆಜ್ಞೆ ಟೈಪ್ ಮಾಡುವ ಮುಖ.

‘ಅದು ಸತ್ತಿಲ್ಲ. ಆಗಿನಿಂದ ನಿಮ್ಮ ಮಾತಿಗೇ ಕಾಯ್ತಾ ಇದೆ. ಗೋ ಅಂತ ಟೈಪ್ ಮಾಡಿ.’

ಟೈಪ್ ಮಾಡಿದ. ಅತ್ತ ಎಸ್‌ಎಸ್‌ಎಚ್ ವಿಂಡೋದಲ್ಲಿ ಅವನು ಗಾಬರಿಯಲ್ಲಿ ಒತ್ತಿದ್ದ ಎಂಟರ್‌ಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಬಂದವು. ಟಿಸಿಪಿ ಅವನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡು ಮತ್ತೆ ಮತ್ತೆ ಕಳಿಸುತ್ತಲೇ ಇತ್ತು. ಅವನು ನಕ್ಕಿದ್ದು ಇನ್ನೂ ನೆನಪಿದೆ.

ಆದ್ದರಿಂದ ಕೆಜಿಡಿಬಿಯನ್ನು ಮುಟ್ಟುವ ಮುಂಚೆ ಆ ಸೀರಿಯಲ್ ದಾರಿಯನ್ನು ಪರೀಕ್ಷೆ ಮಾಡಿ. ಸರ್ವರ್ ಕಡೆಯಿಂದ ಒಂದು ಸಾಲು ಕಳಿಸಿ, ನಿಮ್ಮ ಪರದೆಯಲ್ಲಿ ಬರಬೇಕು. ನಿಮ್ಮ ಕಡೆಯಿಂದ ಒಂದು ಸಾಲು ಕಳಿಸಿ, ಅಲ್ಲಿ ಬರಬೇಕು. ಒಂದೇ ದಿಕ್ಕಿನಲ್ಲಿ ನೋಡಿ ಸಾಕು ಅಂದುಕೊಳ್ಳಬೇಡಿ. ಕಸದಂಥ ಅಕ್ಷರ ಬಂದರೆ ವೇಗ ಹೊಂದುತ್ತಿಲ್ಲ ಅಂತ ಅರ್ಥ. ಬಯೋಸ್, ಬಿಎಂಸಿ, ಕರ್ನಲ್ ಮೂರೂ ಕಡೆ ಒಂದೇ ಸಂಖ್ಯೆ ಇರಬೇಕು, ಸಾಮಾನ್ಯವಾಗಿ 115200. ಏನೂ ಬರದಿದ್ದರೆ ಪೋರ್ಟ್ ಸಂಖ್ಯೆ ತಪ್ಪಿರಬಹುದು. ಬಿಎಂಸಿಯ ಪೋರ್ಟ್ ಎಷ್ಟೋ ಯಂತ್ರಗಳಲ್ಲಿ ಮೊದಲನೆಯದಲ್ಲ, ಎರಡನೆಯದು. ತಯಾರಕರಿಂದ ತಯಾರಕರಿಗೆ ಇದು ಬದಲಾಗುತ್ತದೆ, ನಿಮ್ಮ ಯಂತ್ರದ ಕೈಪಿಡಿ ನೋಡಿಯೇ ಮುಂದುವರಿಯಿರಿ.

ವೇಗದ ಬಗ್ಗೆ ಒಂದು ಲೆಕ್ಕ. ಸೆಕೆಂಡಿಗೆ 115200 ಬಿಟ್ ಅಂದರೆ, ಒಂದು ಬೈಟಿಗೆ ಶುರು-ಕೊನೆಯ ಗುರುತು ಸೇರಿ ಹತ್ತು ಬಿಟ್‌ನಂತೆ, ಸೆಕೆಂಡಿಗೆ 11,520 ಬೈಟ್, ಅಷ್ಟೇ. ಈ ದಾರಿಯಲ್ಲಿ ಒಂದು ಜಿಬಿ ಮೆಮೊರಿ ಎಳೆಯಲು ಹೋದರೆ ಇಪ್ಪತ್ನಾಲ್ಕು ಗಂಟೆ ದಾಟುತ್ತದೆ. ಮೆಮೊರಿ ಪೂರ್ತಿ ಬೇಕಾದವರು, ಕ್ರ್ಯಾಶ್ ಆದಾಗ ಮೆಮೊರಿಯನ್ನು ಫೈಲಿಗೆ ಉಳಿಸುವ ಕೆಡಂಪ್ ಬಳಸಿ, ಕ್ರ್ಯಾಶ್ ಆದ ಮೇಲೆ ನಿಧಾನವಾಗಿ ನೋಡಿ. ನಿಜ ಹೇಳಬೇಕೆಂದರೆ, ಲೈವ್ ಡೀಬಗರ್ ಬೇಕು ಅಂತ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನಕ್ಕೆ ಅದೇ ಸಾಕಾಗುತ್ತದೆ. ತೊಂದರೆ ವರ್ಚುವಲ್ ಮೆಷೀನ್‌ನಲ್ಲೂ ಕಾಣಿಸಿಕೊಂಡರೆ ಇನ್ನೂ ಸುಲಭ. ಅಲ್ಲಿ ಡೀಬಗರ್‌ನ ಬಾಗಿಲು ಕರ್ನಲ್‌ನ ಹೊರಗೇ ಇರುತ್ತದೆ.

ವಿಂಡೋಸ್ ಸರ್ವರ್ ನೋಡಿಕೊಳ್ಳುವವರು ‘ನಮ್ಮಲ್ಲಿ ನೆಟ್‌ವರ್ಕ್ ಮೇಲೇ ನಡೆಯುತ್ತದಲ್ಲ’ ಅನ್ನುತ್ತಾರೆ. ಹೌದು, ಸರ್ವರ್ 2012ರಿಂದ ಆ ಸೌಲಭ್ಯ ಇದೆ. ಆದರೆ ಅಲ್ಲೂ ಮಾತಾಡುವುದು ಡೀಬಗರ್‌ನ ಪುಟ್ಟ ಕೋಡ್. ಅದು ಕೆಲವು ನೆಟ್‌ವರ್ಕ್ ಕಾರ್ಡ್‌ಗಳನ್ನು ಮಾತ್ರ ನೇರವಾಗಿ ಓಡಿಸಬಲ್ಲದು. ನಿಮ್ಮ ಕಾರ್ಡ್ ಆ ಪಟ್ಟಿಯಲ್ಲಿ ಇದೆಯಾ ನೋಡಿ. ಅಲ್ಲಿ ಮೊದಲು ಕರೆಯುವುದು ಸರ್ವರ್, ಕಾಯುವುದು ನಿಮ್ಮ ಯಂತ್ರ. ಹಾಗಾಗಿ ಫೈರ್‌ವಾಲ್ ತೆರೆಯಬೇಕಾದ್ದು ನಿಮ್ಮ ಕಡೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಮೊದಲು ತಾತ್ಕಾಲಿಕವಾಗಿ ನಿಲ್ಲಿಸಿ, ಇಲ್ಲದಿದ್ದರೆ ಬೂಟ್ ಆಗುವಾಗ ರಿಕವರಿ ಕೀ ಕೇಳಿ ಕೂರಬಹುದು.

ಯಂತ್ರ ನಿಂತಾಗ ಹೊರಗಿನವರಿಗೆ ಏನು ಕಾಣುತ್ತದೆ ಅನ್ನುವುದೂ ಇದೇ ಮಾತಿನ ಇನ್ನೊಂದು ಮುಖ. ಒಮ್ಮೆ ಇಬ್ಬರು ಅನುಭವಿಗಳೇ ಕ್ಲಸ್ಟರ್‌ನ ಒಂದು ಸರ್ವರ್ ಮೇಲೆ ಕೆಲಸ ಮಾಡುತ್ತಿದ್ದರು. ಬ್ರೇಕ್‌ಪಾಯಿಂಟ್ ಸರಿಯಾಗಿ ಬಿತ್ತು. ವೇರಿಯಬಲ್ ಓದುತ್ತಿದ್ದಾಗಲೇ ಯಂತ್ರ ರೀಬೂಟ್ ಆಯಿತು. ಮತ್ತೆ ಮಾಡಿದರು, ಮತ್ತೆ ರೀಬೂಟ್. ಮಧ್ಯಾಹ್ನವೆಲ್ಲ ಡೀಬಗರ್ ಕೆಟ್ಟಿದೆ ಅಂತ ಹುಡುಕಿದರು. ಆಗಿದ್ದು ಇಷ್ಟೇ: ಜೋಡಿ ಸರ್ವರ್‌ಗೆ ಈ ಕಡೆಯಿಂದ ಹಾರ್ಟ್‌ಬೀಟ್, ಅಂದರೆ ‘ಬದುಕಿದ್ದೇನೆ’ ಅನ್ನುವ ಸಂದೇಶ, ಬರಲಿಲ್ಲ. ಇದು ಸತ್ತಿದೆ ಅಂತ ತೀರ್ಮಾನಿಸಿ ಪವರ್ ಕತ್ತರಿಸಿ ಮತ್ತೆ ಕೊಟ್ಟಿತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಯಂತ್ರ ಸುಮ್ಮನಾದರೆ ರೀಬೂಟ್ ಮಾಡುವ ಕಾವಲು ಟೈಮರ್, ಹಾರ್ಡ್‌ವೇರ್ ವಾಚ್‌ಡಾಗ್, ಕೂಡ ಹೀಗೇ ಮಾಡುತ್ತದೆ. ಸರ್ವರ್ ಅನ್ನು ಕ್ಲಸ್ಟರ್‌ನಿಂದ ಹೊರಗೆ ತೆಗೆದು, ವಾಚ್‌ಡಾಗ್ ಆಫ್ ಮಾಡಿ, ಆಮೇಲೆ ಶುರು ಮಾಡಿ. ಜನ ಬಳಸುತ್ತಿರುವ ಸರ್ವರ್ ಮೇಲಂತೂ ದಯವಿಟ್ಟು ಬೇಡ.

ಕರ್ನಲ್ ವಿಳಾಸಗಳನ್ನು ಹೆಸರುಗಳಾಗಿ ತೋರಿಸಲು ಡೀಬಗರ್‌ಗೆ ಬೇಕಾಗುವ ಸಿಂಬಲ್ ಫೈಲ್ ಬಗ್ಗೆ ಒಂದೇ ಮಾತು. ಆವೃತ್ತಿ ಸಂಖ್ಯೆ ಒಂದೇ ಇದ್ದರೆ ಸಾಲದು, ಬಿಲ್ಡ್ ಐಡಿ ಒಂದೇ ಇರಬೇಕು. ಜೊತೆಗೆ ಕರ್ನಲ್ ವಿಳಾಸಗಳನ್ನು ಅದಲುಬದಲು ಮಾಡುವ ಕೆಎಎಸ್‌ಎಲ್‌ಆರ್ ಆಫ್ ಇರಲಿ. ಸಿಕ್ಯೂರ್ ಬೂಟ್ ಆನ್ ಇರುವ ಎಷ್ಟೋ ಲಿನಕ್ಸ್ ಸರ್ವರ್‌ಗಳಲ್ಲಿ ಕರ್ನಲ್ ಲಾಕ್‌ಡೌನ್ ಡೀಬಗರ್ ಅನ್ನೇ ತಡೆಯುತ್ತದೆ, ಅದನ್ನೂ ನೋಡಿಕೊಳ್ಳಿ.

ಎರಡು ವಾರದ ಮೇಲೆ ಆ ಹುಡುಗ ಮತ್ತೆ ಫೋನ್ ಮಾಡಿದ. ಈ ಸಲ ಸರ್ವರ್ ನಿಜವಾಗಿಯೇ ಹ್ಯಾಂಗ್ ಆಗಿತ್ತು. ಎಸ್‌ಎಸ್‌ಎಚ್ ಇಲ್ಲ, ಆ ಫೈಲಿಗೆ ‘ಜಿ’ ಬರೆಯುವ ಮಾತೇ ಇಲ್ಲ. ಆದರೆ ಅವನು ಹಿಂದಿನ ದಿನವೇ ಸೀರಿಯಲ್ ದಾರಿಯಿಂದ ಬ್ರೇಕ್ ಸಿಗ್ನಲ್ ಕಳಿಸಿ, ಹಿಂದೆಯೇ ‘ಜಿ’ ಒತ್ತಿ, ಒಳಗೆ ಹೋಗಲು ಆಗುತ್ತದೆ ಅಂತ ಪರೀಕ್ಷಿಸಿ ಇಟ್ಟಿದ್ದ. ಅದನ್ನೇ ಮಾಡಿದ, ಪ್ರಾಂಪ್ಟ್ ಬಂತು. ಸೀರಿಯಲ್ ಇಂಟರಪ್ಟ್ ತೆಗೆದುಕೊಳ್ಳುವ ಸಿಪಿಯು ಸಿಕ್ಕಿಹಾಕಿಕೊಂಡಿರಲಿಲ್ಲ, ಅದೊಂದು ಅದೃಷ್ಟ. ಒಂದೊಂದೇ ಸಿಪಿಯುವಿನ ಬ್ಯಾಕ್‌ಟ್ರೇಸ್, ಅಂದರೆ ಅದು ಯಾವ ಫಂಕ್ಷನ್‌ಗಳ ಮೂಲಕ ಅಲ್ಲಿಗೆ ಬಂದಿದೆ ಅನ್ನುವ ಪಟ್ಟಿ, ತೆಗೆದು ನನಗೆ ಓದಿ ಹೇಳಿದ. ಐದನೆಯದು ಒಂದು ಸ್ಪಿನ್‌ಲಾಕ್‌ಗಾಗಿ, ಅಂದರೆ ಬಿಡುವವರೆಗೂ ಸುತ್ತುತ್ತಲೇ ಕಾಯಬೇಕಾದ ಬೀಗಕ್ಕಾಗಿ, ಸುತ್ತುತ್ತಾ ಇತ್ತು. ಆ ಲಾಕ್ ಹಿಡಿದಿದ್ದೂ ಅದೇ ಐದನೆಯದು. ಅವನ ಡ್ರೈವರ್ ಇಂಟರಪ್ಟ್ ಬಂದ್ ಮಾಡದೆ ಲಾಕ್ ಹಿಡಿದಿತ್ತು. ಮಧ್ಯೆ ಇಂಟರಪ್ಟ್ ಬಂದು, ಅದರ ಹ್ಯಾಂಡ್ಲರ್ ಅದೇ ಲಾಕ್ ಕೇಳಿತ್ತು.

‘ಒಂದೇ ಸಾಲು ಮೇಡಂ, ನಾನೇ ಬರೆದದ್ದು’ ಅಂದ. ನಾಳೆ ಬೆಳಿಗ್ಗೆ ತಿದ್ದಿ, ಈಗ ಬೂಟ್ ಸಾಲಿನಿಂದ ಕೆಜಿಡಿಬಿ ತೆಗೆದು ಮಲಗಿ ಅಂದೆ.