ತೂಕದ ಲೆಕ್ಕ, ಬಿಡಿಭಾಗದ ಲೆಕ್ಕ: ಹಳೇ ಕಾರು ಗುಜರಿ ಸೇರಿದ ಮೇಲೆ

ಹದಿನೈದು ವರ್ಷ ಓಡಿದ ಸಣ್ಣ ಹ್ಯಾಚ್‌ಬ್ಯಾಕ್ ಒಂದರ ತೂಕ 700 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಮೂರನೇ ಎರಡು ಪಾಲು ಕಬ್ಬಿಣ ಮತ್ತು ಉಕ್ಕು. ಕಿಲೋಗೆ 30 ರೂಪಾಯಿ ಹಿಡಿದರೂ 14,000 ರೂಪಾಯಿಯ ಆಸುಪಾಸಿಗೆ ಲೆಕ್ಕ ನಿಲ್ಲುತ್ತದೆ. ಅದೇ ಕಾರಿನ ಎಂಜಿನ್, ಗೇರ್‌ಬಾಕ್ಸ್, ಎಸಿ ಕಂಪ್ರೆಸರ್, ಬಾಗಿಲು, ಹೆಡ್‌ಲೈಟ್‌ಗಳನ್ನು ಬಿಚ್ಚಿ ಬೇರೆ ಬೇರೆಯಾಗಿ ಮಾರಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಹುಟ್ಟುತ್ತದೆ. ಗುಜರಿಯವರು ಕಾರಿಗೆ ಬೆಲೆ ಕಟ್ಟುವುದು ಈ ಎರಡನೇ ಲೆಕ್ಕದಲ್ಲಿ. ಸರ್ಕಾರದ ನಿಯಮಗಳು ಬಂದಿದ್ದು ಮೊದಲನೇ ಲೆಕ್ಕ ಹಿಡಿದುಕೊಂಡು. ಕಳೆದ ಹತ್ತು ವರ್ಷಗಳ ತಿಕ್ಕಾಟವೆಲ್ಲ ಈ ಎರಡರ ನಡುವಿನದೇ.

ಕಾರು ತಯಾರಿಸಲು ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ಯದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ರಸ್ತೆಯ ಮೇಲಿದ್ದವು ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಬಿಡಿಭಾಗ ಸಿಗುವುದು ಕಷ್ಟ, ಮಾದರಿ ಬದಲಾಗುವುದು ಅಪರೂಪ. ಹಾಗಾಗಿ ಒಂದು ದಶಕದ ಗಾಡಿಯ ಮಾಲು ಮುಂದಿನ ದಶಕದ ಗಾಡಿಗೆ ಹೆಚ್ಚುಕಡಿಮೆ ಹಾಗೇ ಕೂರುತ್ತಿತ್ತು. ಬೆಂಗಳೂರಿನ ಶಿವಾಜಿನಗರದ ಗಲ್ಲಿಗಳು, ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಮಾಯಾಪುರಿ ಬೆಳೆದದ್ದು ಈ ಕೊರತೆಯ ಮೇಲೆ. ಅಂದು ಗುಜರಿ ಅಂಗಡಿ ಎಂದರೆ ಕಸದ ಜಾಗವಲ್ಲ, ಸ್ಪೇರ್ ಪಾರ್ಟ್ಸ್ ಉಗ್ರಾಣ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಹೊಸ ಬಿಡಿಭಾಗ ಅಂಗಡಿಯಲ್ಲೇ ಸಿಗತೊಡಗಿದ ಮೇಲೂ ಗುಜರಿ ಸಾಯಲಿಲ್ಲ, ಕಸುಬಿನ ರೀತಿ ಬದಲಾಯಿತು. ಯಾವ ಗಾಡಿಯ ಯಾವ ಭಾಗ ಇನ್ಯಾವುದಕ್ಕೆ ಕೂರುತ್ತದೆ ಎಂಬ ತಿಳಿವಳಿಕೆಯೇ ಬಂಡವಾಳವಾಯಿತು. 800ರ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಇತ್ತು. ಫಿಯಟ್‌ನ 1248 ಸಿಸಿ ಡೀಸೆಲ್ ಎಂಜಿನ್ ಅಂತೂ ಸ್ವಿಫ್ಟ್, ಡಿಜೈರ್, ಪುಂಟೊ, ಲಿನಿಯಾ, ಇಂಡಿಕಾ ವಿಸ್ಟಾ ಎಲ್ಲದರೊಳಗೂ ಹೊಕ್ಕಿತ್ತು. ಆದರೆ ಅದೇ ಎಂಜಿನ್ ಎಂದು ಕಣ್ಣು ಮುಚ್ಚಿ ತಂದವರು ಕೆಡುತ್ತಾರೆ. 75 ಅಶ್ವಶಕ್ತಿಯ ಎಂಜಿನ್‌ನ ಟರ್ಬೊ ಬೇರೆ, 90ರದ್ದು ಬೇರೆ. ಮೌಂಟಿಂಗ್ ಮತ್ತು ವೈರಿಂಗ್ ಕಂಪನಿಯಿಂದ ಕಂಪನಿಗೆ ಬೇರೆ. ಬ್ಲಾಕ್, ಹೆಡ್, ಕ್ರ್ಯಾಂಕ್ ಕೂರಬಹುದು, ಅದರ ಸುತ್ತಲಿನದು ಕೂರುವುದಿಲ್ಲ. 2020ರಲ್ಲಿ ಮಾರುತಿ ಡೀಸೆಲ್ ನಿಲ್ಲಿಸಿದರೂ ಆ ಎಂಜಿನ್‌ನ ಕಾರುಗಳು ಓಡುತ್ತಲೇ ಇವೆ. ಗಿರಾಕಿಗೆ ಬರವಿಲ್ಲ.

ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಅದು ತಪ್ಪಿದಲ್ಲೇ ಅಪಘಾತ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಏರ್‌ಬ್ಯಾಗ್ ಇದ್ದರೆ, ಅದರ ಸರ್ಕ್ಯೂಟ್‌ನಲ್ಲಿ ಉಳಿದ ವಿದ್ಯುತ್ ಇಳಿಯಲು ಕೆಲವು ನಿಮಿಷ ಬಿಟ್ಟು ಮುಟ್ಟಬೇಕು. ಸರಿಯಾದ ಯಾರ್ಡ್‌ಗಳಲ್ಲಿ ಏರ್‌ಬ್ಯಾಗನ್ನು ಕಾರಿನೊಳಗೇ, ದೂರದಿಂದ ವಿದ್ಯುತ್ ಹಾಯಿಸಿ ಸಿಡಿಸಿಬಿಡುತ್ತಾರೆ. ಆಮೇಲೆ ದ್ರವಗಳ ಸರದಿ: ಟ್ಯಾಂಕಿನ ಇಂಧನ, ಮೂರು–ನಾಲ್ಕು ಲೀಟರ್ ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್. ಎಸಿ ಅನಿಲವನ್ನು ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಬೇಕು. ಕಾರಿನ ಎಸಿಯಲ್ಲಿರುವ ಆರ್134ಎ ಅನಿಲಕ್ಕೆ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಗಲ್ಲಿಯ ಗುಜರಿಯಲ್ಲಿ ಪೈಪ್ ಕತ್ತರಿಸಿ ಅದನ್ನು ಗಾಳಿಗೆ ಬಿಡುವುದೇ ರೂಢಿ. ಗ್ಯಾಸ್ ಕಟರ್ ಕೈಗೆ ಬರುವುದು ಕೊನೆಗೆ. ಖಾಲಿ ಪೆಟ್ರೋಲ್ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ: ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಒಂದು ಕಿಡಿಗೆ ಸಿಡಿಯುತ್ತದೆ.

ದ್ರವ ಇಳಿದ ಮೇಲೆ ಬಾನೆಟ್, ಬಾಗಿಲು, ಗಾಜು, ಸೀಟು ಬಿಚ್ಚಿಕೊಳ್ಳುತ್ತವೆ. ಆಮೇಲೆ ಡ್ರೈವ್ ಶಾಫ್ಟ್ ಕಳಚಿ, ಚೈನ್ ಬ್ಲಾಕ್ ಹಾಕಿ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೆ ಮೇಲೆತ್ತುತ್ತಾರೆ. ಸೈಲೆನ್ಸರ್ ಸಾಲಿನಲ್ಲಿದ್ದು ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇರೆ ಚೀಲಕ್ಕೆ ಹೋಗುತ್ತದೆ. ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ 1995ರಿಂದ ಇದು ಕಡ್ಡಾಯವಾಯಿತು. ಒಳಗಿನ ಜೇನುಗೂಡಿನಂಥ ಸೆರಾಮಿಕ್ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನವಿದೆ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ದಾಟಿತ್ತು.

ಎಲ್ಲವೂ ಮರುಮಾರಾಟಕ್ಕೆ ಆಗುವ ಮಾಲಲ್ಲ. ನೆರೆಯಲ್ಲಿ ಮುಳುಗಿದ ಕಾರನ್ನೇ ನೋಡಿ. 2015ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನಿಂತ ನೀರು, ಎರಡೂ ಇಂಥ ಗಾಡಿಗಳನ್ನು ರಾಶಿ ಹಾಕಿದವು. ಬಾಗಿಲು, ಗಾಜು, ಸಸ್ಪೆನ್ಷನ್ ಆರ್ಮ್ ಚೆನ್ನಾಗೇ ಇರುತ್ತವೆ. ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್, ಏರ್‌ಬ್ಯಾಗ್ ಮಾಡ್ಯೂಲ್ ಒಣಗಿಸಿದ ದಿನ ಕೆಲಸ ಮಾಡಿ, ಕೆಲವು ತಿಂಗಳಿಗೆ ಕನೆಕ್ಟರ್ ಹಸಿರು ಕಟ್ಟಿ ಕೈಕೊಡುತ್ತವೆ. ನೀರಿನಲ್ಲೇ ಸ್ಟಾರ್ಟ್ ಮಾಡಿದ್ದರೆ ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿದಾಗ ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಆ ಎಂಜಿನ್ ಬಿಡಿ. ಇಸಿಎಂ ಕೊಳ್ಳುವಾಗ ಅದೇ ಕಾರಿನ ಕೀ ಮತ್ತು ಇಮ್ಮೊಬಿಲೈಸರ್ (ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ಭಾಗ) ಜೊತೆಗೇ ತರಬೇಕು, ಇಲ್ಲದಿದ್ದರೆ ಕೋಡ್ ಹೊಂದದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬ್ರೇಕ್ ಹೋಸ್, ಟೈಮಿಂಗ್ ಬೆಲ್ಟ್, ಅಪಘಾತದಲ್ಲಿ ಒಮ್ಮೆ ಎಳೆದುಕೊಂಡ ಸೀಟ್ ಬೆಲ್ಟ್, ಏರ್‌ಬ್ಯಾಗ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಟೈರ್ ಆದರೆ ಬದಿಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರದ್ದು.

ಇಷ್ಟೆಲ್ಲ ಕಿತ್ತ ಮೇಲೆ ಉಳಿಯುವ ಬಾಡಿ ತೂಕಕ್ಕೆ ಹೋಗುತ್ತದೆ. ಇಲ್ಲಿ ಹೊರಗಿನವರಿಗೆ ಕಾಣದ ತೊಡಕೊಂದಿದೆ, ತಾಮ್ರ. ವೈಪರ್ ಮೋಟರ್, ಕಿಟಕಿ ಮೋಟರ್, ರೇಡಿಯೇಟರ್ ಫ್ಯಾನ್, ಮೀಟರುಗಟ್ಟಲೆ ತಂತಿ ಉಕ್ಕಿನೊಡನೆ ಕುಲುಮೆಗೆ ಬಿದ್ದರೆ ತಾಮ್ರವನ್ನು ಬೇರ್ಪಡಿಸುವ ಸುಲಭದ ದಾರಿಯಿಲ್ಲ. ಕಬ್ಬಿಣಕ್ಕಿಂತ ತಾಮ್ರಕ್ಕೆ ಆಮ್ಲಜನಕದ ಸೆಳೆತ ಕಡಿಮೆ, ಹಾಗಾಗಿ ಅದು ಮೇಲೆ ತೇಲುವ ಕಲ್ಮಶವಾದ ಕಿಟ್ಟಕ್ಕೆ ಹೋಗದೆ ಉಕ್ಕಿನಲ್ಲೇ ಉಳಿಯುತ್ತದೆ. ಪ್ರಮಾಣ ಶೇ 0.2ರ ಆಚೆ ಹೋದರೆ ಬಿಸಿ ಉಕ್ಕನ್ನು ರೋಲರ್‌ಗಳ ನಡುವೆ ಹಾಯಿಸುವಾಗ ಮೇಲ್ಮೈ ಬಿರುಕು ಬಿಡತೊಡಗುತ್ತದೆ. ಕಟ್ಟಡದ ಕಂಬಿಗೆ ಅಷ್ಟು ನಡೆಯುತ್ತದೆ, ಕಾರಿನ ತೆಳು ತಗಡಿಗೆ ನಡೆಯುವುದಿಲ್ಲ. ಕಾರು ಸತ್ತು ಮತ್ತೆ ಕಾರಾಗದೆ ಮನೆಯ ತಾರಸಿ ಸೇರುವುದಕ್ಕೆ ಇದೊಂದು ಮುಖ್ಯ ಕಾರಣ. ಟೆಕ್ಸಾಸ್‌ನಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ದೈತ್ಯ ಶ್ರೆಡರ್‌ಗಳು ಇಡೀ ಕಾರನ್ನು ಮುಷ್ಟಿಗಾತ್ರದ ಚೂರು ಮಾಡಿ ಅಯಸ್ಕಾಂತದಿಂದ ಉಕ್ಕನ್ನು ಹೆಕ್ಕುತ್ತವೆ. ಆದರೂ ಮೋಟರಿನೊಳಗೆ ಸುತ್ತಿದ ತಾಮ್ರ ಉಕ್ಕಿನೊಡನೆಯೇ ಬಂದುಬಿಡುತ್ತದೆ. ಕೈಯಿಂದ ಬಿಚ್ಚುವ ನಮ್ಮ ಗುಜರಿಯವನು ತಾಮ್ರಕ್ಕೆ ಒಳ್ಳೆಯ ರೇಟು ಇರುವುದರಿಂದ ಒಂದು ತುಂಡನ್ನೂ ಬಿಡುವುದಿಲ್ಲ, ಅವನ ಉಕ್ಕು ಹೆಚ್ಚು ಶುದ್ಧ. ಆ ತಾಮ್ರಕ್ಕಾಗಿ ಅವನು ತಂತಿಯ ಪ್ಲಾಸ್ಟಿಕ್ ಸುಡುತ್ತಾನೆ, ಆ ಹೊಗೆಯನ್ನು ಅವನೇ ಕುಡಿಯುತ್ತಾನೆ, ಹಳೇ ಆಯಿಲ್ ಚರಂಡಿಗೆ ಹೋಗುತ್ತದೆ. ಅವನ ಕೈಚಳಕ ಉಳಿಸಿಕೊಂಡು ಹೊಗೆ ಮತ್ತು ಚರಂಡಿಯನ್ನು ತಪ್ಪಿಸಬಹುದಿತ್ತು. ನೀತಿ ಆ ದಾರಿ ಹಿಡಿಯಲಿಲ್ಲ.

ಸರ್ಕಾರದ ಕಣ್ಣು ಗುಜರಿಯ ಮೇಲೆ ಮೊದಲು ಬಿದ್ದದ್ದು ಕಳ್ಳತನದ ಕಾರಣಕ್ಕೆ. ನಜ್ಜುಗುಜ್ಜಾದ ಕಾರನ್ನು ವಿಮೆಯವರು ‘ಟೋಟಲ್ ಲಾಸ್’ ಎಂದು ಹರಾಜು ಹಾಕುತ್ತಾರೆ; ದುರಸ್ತಿ ಖರ್ಚು ವಿಮಾ ಮೌಲ್ಯದ ಶೇ 75 ಮೀರಿದರೆ ಹೀಗಾಗುತ್ತದೆ. ಆರ್‌ಸಿ ರದ್ದಾಗದಿದ್ದರೆ ಆ ಕಾಗದಕ್ಕೇ ಒಂದು ಬೆಲೆ: ಕದ್ದ ಅದೇ ಮಾದರಿಯ ಕಾರಿಗೆ ಚಾಸಿ ನಂಬರ್ ಕುಟ್ಟಿ ಮಾರಿಬಿಡಬಹುದು. ಕದ್ದ ಗಾಡಿ ಬಿಚ್ಚುವ ತಾಣವೆಂದು ಕುಖ್ಯಾತವಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಪೊಲೀಸರು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದರು. ಗಾಡಿ ನಾಶವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ನೇ ಹೇಳುತ್ತದೆ. ಪಾಲಿಸುವವರು ಕಡಿಮೆ.

ಎರಡನೇ ಕಾರಣ ಹೊಗೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಮತ್ತು ಹದಿನೈದು ಮೀರಿದ ಪೆಟ್ರೋಲ್ ಗಾಡಿ ಓಡಬಾರದೆಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಮಹೀಂದ್ರ ಮತ್ತು ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿ ಸೇರಿ ಗ್ರೇಟರ್ ನೋಯ್ಡಾದಲ್ಲಿ ‘ಸೆರೊ’ ಎಂಬ ಗುಜರಿ ಘಟಕ ತೆರೆದವು. 2021ರ ಆಗಸ್ಟ್ 13ರಂದು ದೇಶಕ್ಕೆಲ್ಲ ಗುಜರಿ ನೀತಿ, ಸೆಪ್ಟೆಂಬರ್‌ನಲ್ಲಿ ನಿಯಮ ಬಂದವು. ನೋಂದಾಯಿತ ಘಟಕ ಕಾರು ಕಳವಿನದೋ ಎಂದು ದಾಖಲೆ ನೋಡಬೇಕು, ಚಾಸಿ ನಂಬರಿನ ತುಂಡು ಕತ್ತರಿಸಿ ಇಡಬೇಕು, ಗಾಡಿ ಒಪ್ಪಿಸಿದ್ದಕ್ಕೆ ಮಾಲೀಕರಿಗೆ ಠೇವಣಿ ಪ್ರಮಾಣಪತ್ರ ಕೊಡಬೇಕು. ಆ ಪತ್ರ ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕ ಮಾಫಿ, ರಾಜ್ಯ ಒಪ್ಪಿದರೆ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ. ಕಾರಿಗೆ ಸಿಗುವ ಹಣ ಮಾತ್ರ ಹೊಸ ಗಾಡಿಯ ಷೋರೂಂ ಬೆಲೆಯ ಶೇ 4ರಿಂದ 6 ಎಂದು ಅಂದಾಜಿಸಲಾಗಿತ್ತು. ಐದು ಲಕ್ಷದ ಕಾರಿಗೆ ಇಪ್ಪತ್ತು–ಮೂವತ್ತು ಸಾವಿರ. ಹೊಸ ಕಾರು ಕೊಳ್ಳದವರಿಗೆ ರಿಯಾಯಿತಿಯಿಂದ ಏನೂ ಇಲ್ಲ, ಅವರು ಪಕ್ಕದ ಗುಜರಿಯತ್ತಲೇ ನೋಡುತ್ತಾರೆ.

ಅಮೆರಿಕ 2009ರಲ್ಲಿ ಇದಕ್ಕಿಂತ ಒರಟಾಗಿ ನಡೆದುಕೊಂಡಿತ್ತು. ಹಳೇ ಕಾರು ಕೊಟ್ಟು ಹೊಸದು ಕೊಂಡವರಿಗೆ 3,500 ಅಥವಾ 4,500 ಡಾಲರ್ ರಿಯಾಯಿತಿ ಕೊಟ್ಟು, ಎಂಜಿನ್‌ಗೆ ಆಯಿಲ್ ಬದಲು ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಸೀಜ್ ಆಗುವ ತನಕ ಓಡಿಸಿದರು. ಗುಜರಿಗೆ ಬೆಲೆ ಬರುವ ಭಾಗವನ್ನೇ ಕೊಂದರು. ಅಲ್ಲಿನ ಯಾರ್ಡ್‌ನವರು ಸಿಟ್ಟಾದದ್ದು ಸಹಜ.

ನಮ್ಮಲ್ಲಿ ಇತ್ತೀಚಿನದು 2025ರ ಏಪ್ರಿಲ್ 1ರಿಂದ ಜಾರಿಯಾದ ಪರಿಸರ ನಿಯಮ. ಕಂಪನಿಗಳು ಹಿಂದೆ ಮಾರಿದ ಗಾಡಿಗಳಲ್ಲಿದ್ದ ಉಕ್ಕಿನ ಶೇ 8ರಷ್ಟನ್ನು ಮೊದಲ ಐದು ವರ್ಷ, ಆಮೇಲೆ ಶೇ 13, 2035–36ರಿಂದ ಶೇ 18ರಷ್ಟನ್ನು ಮರುಬಳಕೆಗೆ ತಂದ ಲೆಕ್ಕ ತೋರಿಸಬೇಕು. ಅದಕ್ಕಾಗಿ ನೋಂದಾಯಿತ ಘಟಕಗಳಿಂದ ಪ್ರಮಾಣಪತ್ರ ಕೊಳ್ಳಬಹುದು. ಘಟಕಗಳಿಗೆ ಇದು ಹೊಸ ಆದಾಯ, ಮಾಲೀಕರಿಗೆ ಒಂದಿಷ್ಟು ಹೆಚ್ಚು ಕೊಡಲು ದಾರಿ. ಗುರಿ ನಿಂತಿರುವುದು ಮಾತ್ರ ಮತ್ತೆ ಉಕ್ಕಿನ ತೂಕದ ಮೇಲೆಯೇ. ಚೆನ್ನಾಗಿರುವ ಗೇರ್‌ಬಾಕ್ಸನ್ನು ಇನ್ನೊಂದು ಕಾರಿಗೆ ಕೂರಿಸಿ ಹತ್ತು ವರ್ಷ ಓಡಿಸುವವನ ಕೆಲಸಕ್ಕೆ ಈ ಗುರಿಯಲ್ಲಿ ಅಂಕವಿಲ್ಲ.