ಗುಳಿಗೆ ಸರ್ಕಾರದ್ದು, ಊಟ ಯಾರದ್ದು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಜೋರಾದಾಗ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಕೆಮ್ಮುತ್ತದೆ. ವ್ಯಾಪಾರಿ, ಹಮಾಲ, ಲಾರಿ ಡ್ರೈವರ್, ಗೋದಾಮಿನಲ್ಲಿ ಕೂತು ತುಂಬು ಬಿಡಿಸುವ ಹೆಣ್ಣುಮಕ್ಕಳು, ಯಾರನ್ನೂ ಘಾಟು ಬಿಡುವುದಿಲ್ಲ. ಹಾಗಾಗಿ ಅಲ್ಲಿ ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಮ್ಮು ಎರಡು ವಾರ ದಾಟಿದರೆ, ಸಂಜೆಯಾದರೆ ಜ್ವರ ಬಂದರೆ, ರವಿಕೆ ಸಡಿಲವಾಗುವಷ್ಟು ತೂಕ ಇಳಿದರೆ ಕಫ ಪರೀಕ್ಷೆ ಮಾಡಿಸಿ ಅಂತ ಆಶಾ ಕಾರ್ಯಕರ್ತೆಯರು ಹೇಳುತ್ತಲೇ ಇರುತ್ತಾರೆ.

ಅಂಥ ಒಬ್ಬ ಹೆಣ್ಣುಮಗಳಿಗೆ ಟಿಬಿ, ಅಂದರೆ ಕ್ಷಯ, ಅಂತ ಗೊತ್ತಾಯಿತು ಎಂದುಕೊಳ್ಳಿ. ಅವಳ ಹೆಸರು ಟಿಬಿ ರೋಗಿಗಳ ಲೆಕ್ಕ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ಗೆ ಏರುತ್ತದೆ. ಗುಳಿಗೆ ಸರ್ಕಾರಿ ದವಾಖಾನೆಯಿಂದ ಬರುತ್ತದೆ. ನುಂಗಿದಳೋ ಇಲ್ಲವೋ ನೋಡುವವರು ಬೇರೆ. ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬೀಳಬೇಕು. ಯಾವುದೋ ಕಂಪನಿಯೋ, ಸಂಘವೋ, ದಾನಿಯೋ 'ನಿಕ್ಷಯ ಮಿತ್ರ' ಆಗಿ ಆಹಾರದ ಕಿಟ್ ಕೊಡಬೇಕು. ಊರಿನ ಪಂಚಾಯಿತಿಗೆ ಟಿಬಿ ಮುಕ್ತ ಆಗುವ ಗುರಿ ಬೇರೆ ಇದೆ. ಸರ್ಕಾರಿ ಭಾಷೆಯಲ್ಲಿ ಇದೆಲ್ಲ ಸೇರಿ ಪಾಲುದಾರಿಕೆ. ಯಾರ ಪಾಲಿಗೆ ಏನು ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಾಗಿ ಸಿಗುವುದಿಲ್ಲ. ಈ ಗೋಜಲು ಹೇಗೆ ಹೆಣೆದುಕೊಂಡಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಾಬರ್ಟ್ ಕಾಖ್ 1882ರಲ್ಲಿ ರೋಗಾಣುವನ್ನು ಕಂಡುಹಿಡಿದರೂ ಔಷಧಿ ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಕ್ಷಯಕ್ಕೆ ಇದ್ದ ಮದ್ದೆಂದರೆ ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಅದಕ್ಕೆಂದೇ ಸ್ಯಾನಟೋರಿಯಂಗಳು ಇದ್ದವು. ನಮ್ಮ ಕಡೆಯವರಿಗೆ ಮಿರಜದ ಮಿಷನ್ ದವಾಖಾನೆಯದೇ ದೊಡ್ಡ ಹೆಸರು. ಅನುಕೂಲ ಇದ್ದವರು ರೈಲು ಹತ್ತುತ್ತಿದ್ದರು. ಇಲ್ಲದವರು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1939ರಲ್ಲಿ ಭಾರತ ಕ್ಷಯರೋಗ ಸಂಘ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಅದು ಟಿಬಿ ಸೀಲ್ ಮಾರಿ ಜನರಿಂದ ಹಣ ಕೂಡಿಸಿತು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಬಿಸಿಜಿ ಲಸಿಕೆ ಊರೂರಿಗೆ ಬಂತು. ಸರ್ಕಾರ, ಹೊರದೇಶದ ನೆರವು, ದಾನಿಗಳು, ಮಿಷನ್ ಆಸ್ಪತ್ರೆ ಎಲ್ಲರೂ ಆಗಲೇ ಕೈಜೋಡಿಸಿದ್ದರು. ಹಾಗಾಗಿ ಪಾಲುದಾರಿಕೆ ಏನೂ ಹೊಸದಲ್ಲ.

ದಿಕ್ಕು ಬದಲಾಗಿದ್ದು ಮದ್ರಾಸಿನಲ್ಲಿ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲೊಂದು ಸಂಶೋಧನಾ ಕೇಂದ್ರ ತೆರೆದವು. ಒಂದಷ್ಟು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ ಇಟ್ಟು, ಇನ್ನೊಂದಷ್ಟು ಜನರಿಗೆ ಮನೆಯಲ್ಲೇ ಅದೇ ಔಷಧಿ ಕೊಟ್ಟು ಹೋಲಿಸಿ ನೋಡಿದರು. ಮನೆಯಲ್ಲಿದ್ದವರ ಊಟ ಕಡಿಮೆ, ಜಾಗ ಇಕ್ಕಟ್ಟು, ದುಡಿಮೆ ಜಾಸ್ತಿ. ಆದರೂ ಅವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಬಡದೇಶಕ್ಕೆ ಇದಕ್ಕಿಂತ ಸಿಹಿಸುದ್ದಿ ಬೇಕಾ? ಹಾಸಿಗೆ ಬೇಡ, ಕಟ್ಟಡ ಬೇಡ, ಗುಳಿಗೆ ಇದ್ದರೆ ಸಾಕು.

ಸುದ್ದಿಯೇನೋ ನಿಜ. ಆದರೆ ಗುಣವಾಗಲು ಒಳ್ಳೆಯ ಊಟ ಇರಲೇಬೇಕೆಂದಿಲ್ಲ ಎಂಬ ತೀರ್ಮಾನ, ಊಟದ ಚಿಂತೆ ಕಾರ್ಯಕ್ರಮದ್ದಲ್ಲ ಎಂಬಲ್ಲಿಗೆ ಮೆಲ್ಲಗೆ ಜಾರಿತು. ಹಾಲು, ಮೊಟ್ಟೆಯ ಮಾತು ಸ್ಯಾನಟೋರಿಯಂ ಜೊತೆಗೇ ಹೋಯಿತು. ಮುಂದೆ ಸುಮಾರು ಅರವತ್ತು ವರ್ಷ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದಕ್ಕೆ ದೊಡ್ಡ ಜಾಗವೇ ಇರಲಿಲ್ಲ.

1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಒಂದು ಅಧ್ಯಯನ ಇವತ್ತಿಗೂ ಓದುವಂತಿದೆ. ರೋಗ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ವಾಪಸ್ ಕಳಿಸಿದ್ದರು. ಜನರಿಗೆ ತಿಳಿವಳಿಕೆ ಇಲ್ಲ ಅಂತ ಭಾಷಣ ಮಾಡುವವರು ಇದನ್ನು ಒಮ್ಮೆ ಓದಬೇಕು. 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಬಂತು. ಜಿಲ್ಲೆಗೊಂದು ಟಿಬಿ ಕೇಂದ್ರ ಎಂಬುದು ಅದರ ಲೆಕ್ಕ. ಆಗ ಧಾರವಾಡ ಜಿಲ್ಲೆ ಎಂದರೆ ಗದಗ, ಹಾವೇರಿ ಎಲ್ಲ ಸೇರಿ 17 ತಾಲ್ಲೂಕು. ನವಲಗುಂದದಿಂದ ಹಿರೇಕೆರೂರಿನವರೆಗೆ ಎಲ್ಲವೂ ಆ ಒಂದೇ ಲೆಕ್ಕದೊಳಗೆ ಬರುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆಯಿತು. 1992ರಲ್ಲಿ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂತು ಪರಿಶೀಲಿಸಿದಾಗ, ಔಷಧಿ ಶುರು ಮಾಡಿದವರಲ್ಲಿ ಪೂರ್ತಿ ಮುಗಿಸುತ್ತಿದ್ದವರು ಅರ್ಧದಷ್ಟೂ ಇರಲಿಲ್ಲ.

ಪರಿಷ್ಕೃತ ಕಾರ್ಯಕ್ರಮ, ಅಂದರೆ ಎದುರಿಗೇ ಗುಳಿಗೆ ನುಂಗಿಸುವ ಡಾಟ್ಸ್, 1993ರಲ್ಲಿ ಪ್ರಯೋಗವಾಗಿ ಶುರುವಾಗಿ 1997ರಿಂದ ದೊಡ್ಡದಾಗಿ ಹಬ್ಬಿತು. ಧಾರವಾಡ ಜಿಲ್ಲೆ ಒಡೆದು ಮೂರಾದದ್ದೂ ಅದೇ ವರ್ಷ. 2006ರ ಮಾರ್ಚ್ ಹೊತ್ತಿಗೆ ಇಡೀ ದೇಶ ಡಾಟ್ಸ್ ಅಡಿ ಬಂತು. ವಿಶ್ವಬ್ಯಾಂಕಿನ ಸಾಲ ಇದರ ಹಿಂದಿತ್ತು.

ಆ ಕಾಲದ ಡಬ್ಬಿ ಹಲವರಿಗೆ ನೆನಪಿರಬಹುದು. ಒಬ್ಬ ರೋಗಿಗೆ ಒಂದು ಡಬ್ಬಿ, ಮೇಲೆ ಅವನದೇ ಹೆಸರು. ಹೊಸಬರಿಗೆ ಕೆಂಪು, ಮತ್ತೆ ರೋಗ ಮರುಕಳಿಸಿದವರಿಗೆ ನೀಲಿ. ಪೂರ್ತಿ ಕೋರ್ಸಿನ ಗುಳಿಗೆ ಅದರಲ್ಲೇ ಇರುವುದರಿಂದ ನಡುವೆ ಸ್ಟಾಕ್ ಇಲ್ಲ ಎನ್ನುವ ಹಾಗಿರಲಿಲ್ಲ. ಇದು ನಿಜಕ್ಕೂ ಜಾಣತನದ ಏರ್ಪಾಡು. ಮೊದಲ ಹಂತದಲ್ಲಿ ವಾರಕ್ಕೆ ಮೂರು ದಿನ ರೋಗಿ ಬಂದು ಎದುರಿಗೇ ನುಂಗಬೇಕು. ನೋಡುವವರು ಅಂಗನವಾಡಿ ಕಾರ್ಯಕರ್ತೆ ಆಗಬಹುದು, ಕಿರಾಣಿ ಅಂಗಡಿಯವರೂ ಆಗಬಹುದು, ಮನೆಯವರು ಮಾತ್ರ ಆಗುವಂತಿರಲಿಲ್ಲ. ಊರಿನ ಸಾಮಾನ್ಯ ಜನ ಪಾಲುದಾರರಾದದ್ದು ಹೀಗೆ. ಆದರೆ ರೋಗಿಯ ಕಡೆಯಿಂದ ನೋಡಿ. ಬೆಟಗೇರಿಯ ಮಗ್ಗದವನು ಸೋಮವಾರ, ಬುಧವಾರ, ಶುಕ್ರವಾರ ಕೆಲಸ ಬಿಟ್ಟು ಹೋಗಬೇಕು. ಗುಳಿಗೆ ಪುಕ್ಕಟೆ, ಹೋದ ಪಗಾರ ಅವನದೇ. ಆರೈಕೆಗಿಂತ ಕಾವಲೇ ಜಾಸ್ತಿಯಾಯಿತು ಎಂದು ಆಗಲೂ ಹೇಳಿದವರಿದ್ದರು. ಹಲವು ಔಷಧಿ ಒಂದರಲ್ಲೇ ಸೇರಿಸಿ ದಿನಾ ನುಂಗುವ ಕೂಡು ಗುಳಿಗೆ ದೇಶದೆಲ್ಲೆಡೆ ಬರಲು 2017 ಆಯಿತು.

ಇಷ್ಟಾದರೂ ಬಹುಪಾಲು ಜನ ಮೊದಲು ಹೋಗುತ್ತಿದ್ದದ್ದು ಸರ್ಕಾರಿ ದವಾಖಾನೆಗಲ್ಲ. ಮನೆ ಹತ್ತಿರದ ಡಾಕ್ಟರಿಗೆ, ಅವರಿಲ್ಲದಿದ್ದರೆ ಸೀದಾ ಮೆಡಿಕಲ್ ಶಾಪಿಗೆ. ಈ ಡಾಕ್ಟರುಗಳನ್ನು ಜೊತೆಗೆ ತರಬೇಕು ಎಂಬ ಮಾತು 2001ರ ಹೊತ್ತಿಗೇ ಕಾಗದಕ್ಕೆ ಬಂದಿತ್ತು. ಸ್ವಯಂಸೇವಾ ಸಂಸ್ಥೆಗಳಿಗೊಂದು ಯೋಜನೆ, ಖಾಸಗಿ ವೈದ್ಯರಿಗೊಂದು ಯೋಜನೆ, ಮೆಡಿಕಲ್ ಕಾಲೇಜುಗಳಿಗೊಂದು ಕಾರ್ಯಪಡೆ ಬಂದವು. ಜಗತ್ತಿನ ಮಟ್ಟದಲ್ಲಿ 2001ರಲ್ಲಿ 'ಸ್ಟಾಪ್ ಟಿಬಿ' ಪಾಲುದಾರಿಕೆ ರೂಪುಗೊಂಡಿತು. ನಮ್ಮ ದೇಶದಲ್ಲೂ ಸಂಸ್ಥೆಗಳು, ವೃತ್ತಿ ಸಂಘಗಳು ಸೇರಿ ಅಂಥದೇ ಒಕ್ಕೂಟ ಕಟ್ಟಿದವು. ಏಡ್ಸ್, ಟಿಬಿ, ಮಲೇರಿಯಾಕ್ಕೆಂದೇ ಇರುವ ಜಾಗತಿಕ ನಿಧಿಯಿಂದ ದುಡ್ಡು ಬಂತು, ಭಾರತೀಯ ವೈದ್ಯಕೀಯ ಸಂಘ ತರಬೇತಿ ನಡೆಸಿತು. ಊಟ ಸಹಿತ ಕಾರ್ಯಾಗಾರ, ಬ್ಯಾಗು, ಪೆನ್ನು ಎಲ್ಲ ಆಯಿತು. ಡಾಕ್ಟರ ರೂಮಿನಲ್ಲಿ ಬದಲಾದದ್ದು ಕಡಿಮೆ. ತನ್ನ ರೋಗಿಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರೆ ಮತ್ತೆ ಬರುವುದಿಲ್ಲ ಎಂಬ ಅಂಜಿಕೆ ಡಾಕ್ಟರಿಗೆ. ಸುದ್ದಿ ಓಣಿಗೆಲ್ಲ ಗೊತ್ತಾದರೆ ಮಗಳ ಮದುವೆ ನಿಲ್ಲುತ್ತದೆ ಎಂಬ ಅಂಜಿಕೆ ಮನೆಯವರಿಗೆ. ಈ ಎರಡಕ್ಕೂ ಸುತ್ತೋಲೆಯಲ್ಲಿ ಉತ್ತರ ಇರಲಿಲ್ಲ.

2012ರ ಮೇ ತಿಂಗಳಲ್ಲಿ ಪ್ರತಿ ಟಿಬಿ ರೋಗಿಯ ಮಾಹಿತಿ ಸರ್ಕಾರಕ್ಕೆ ಕೊಡುವುದು ಕಡ್ಡಾಯವಾಯಿತು. ಅದೇ ವರ್ಷ ನಿಕ್ಷಯ್ ಪೋರ್ಟಲ್ ಬಂತು. ಟಿಬಿ ಪತ್ತೆಗೆಂದು ದಾರಿ ತಪ್ಪಿಸುತ್ತಿದ್ದ ರಕ್ತ ಪರೀಕ್ಷೆಗಳ ಮೇಲೆ ನಿಷೇಧವೂ ಬಿತ್ತು. 2014ರ ಮಾರ್ಚ್‌ನಿಂದ ಟಿಬಿ ಔಷಧಿಗಳು ಎಚ್1 ಪಟ್ಟಿಗೆ ಸೇರಿದವು. ಅಂದರೆ ಮೆಡಿಕಲ್ ಶಾಪಿನವರು ಯಾರಿಗೆ ಕೊಟ್ಟೆ, ಯಾವ ಡಾಕ್ಟರು ಬರೆದರು, ಎಷ್ಟು ಕೊಟ್ಟೆ ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಖಾಸಗಿ ಔಷಧ ಮಾರಾಟದ ಲೆಕ್ಕ ಹಿಡಿದು 2016ರಲ್ಲಿ ಬಂದ ಒಂದು ಅಧ್ಯಯನ, 2014ರಲ್ಲಿ ಖಾಸಗಿಯಾಗಿ ಔಷಧಿ ತೆಗೆದುಕೊಂಡ ಟಿಬಿ ರೋಗಿಗಳೇ ಸುಮಾರು 22 ಲಕ್ಷ ಎಂದು ಅಂದಾಜು ಮಾಡಿತು. ಅಷ್ಟು ಜನ ಎಲ್ಲಿದ್ದರು ಅಂತ ಕೇಳಬಹುದು. ಇಲ್ಲೇ ಇದ್ದರು, ಲೆಕ್ಕದಲ್ಲಿ ಇರಲಿಲ್ಲ ಅಷ್ಟೆ.

2018ರಲ್ಲಿ ಕೋಲು, ಬೆಲ್ಲ ಎರಡೂ ಬಂದವು. ಮಾಹಿತಿ ಮುಚ್ಚಿಟ್ಟರೆ ಶಿಕ್ಷೆ ಇದೆ ಎಂಬ ಗೆಜೆಟ್ ಅಧಿಸೂಚನೆ ಒಂದು ಕಡೆ. ಮಾಹಿತಿ ಕೊಟ್ಟಾಗ 500, ಚಿಕಿತ್ಸೆ ಮುಗಿದ ವರದಿ ಕೊಟ್ಟಾಗ 500 ರೂಪಾಯಿ ಖಾಸಗಿ ವೈದ್ಯರಿಗೆ, ಇದು ಇನ್ನೊಂದು ಕಡೆ. 2023ರಲ್ಲಿ ದೇಶದಲ್ಲಿ ದಾಖಲಾದ 25.5 ಲಕ್ಷ ರೋಗಿಗಳಲ್ಲಿ ಮೂರನೇ ಒಂದು ಪಾಲು ಖಾಸಗಿಯಿಂದ ಬಂದದ್ದು. ಇಲ್ಲಿ ಪಾಲುದಾರಿಕೆ ಫಲ ಕೊಟ್ಟಿತು ಎನ್ನಲೇಬೇಕು.

ಊಟ ವಾಪಸ್ ಬಂದದ್ದೂ 2018ರಲ್ಲೇ. ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000. ದುಡ್ಡು ಬೇಕಾಗುವುದು ಹಸಿವು ಮರಳುವ ಮೊದಲೆರಡು ತಿಂಗಳಲ್ಲಿ. ಆದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಹೆಸರಿನ ಒಂದಕ್ಷರದ ವ್ಯತ್ಯಾಸ ಇದನ್ನೆಲ್ಲ ದಾಟಿ ಬರಬೇಕಲ್ಲ! ಕೋರ್ಸು ಮುಗಿಯುತ್ತ ಬಂದಾಗ ಒಟ್ಟಿಗೆ ಜಮಾ ಆದ ದುಡ್ಡು ಮೊಟ್ಟೆಗೆ ಹೋಗುವುದಿಲ್ಲ, ಕಿರಾಣಿ ಸಾಲಕ್ಕೆ ಹೋಗುತ್ತದೆ.

2022ರ ಸೆಪ್ಟೆಂಬರ್ 9ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಟಿಬಿ ಮುಕ್ತ ಭಾರತ ಅಭಿಯಾನಕ್ಕೆ ಚಾಲನೆ ಕೊಟ್ಟರು. ನಿಕ್ಷಯ ಮಿತ್ರರು ಹುಟ್ಟಿದ್ದು ಆಗ. ಯಾರು ಬೇಕಾದರೂ ರೋಗಿಗಳನ್ನು 'ದತ್ತು' ಪಡೆಯಬಹುದು. ಮಾರ್ಗಸೂಚಿಯ ಪ್ರಕಾರ ದೊಡ್ಡವರ ತಿಂಗಳ ಕಿಟ್‌ನಲ್ಲಿ 3 ಕಿಲೊ ಧಾನ್ಯ, ಒಂದೂವರೆ ಕಿಲೊ ಬೇಳೆಕಾಳು, ಕಾಲು ಕಿಲೊ ಎಣ್ಣೆ, ಜೊತೆಗೆ ಹಾಲಿನ ಪುಡಿ ಅಥವಾ ಶೇಂಗಾ ಇರಬೇಕು. ನಮ್ಮ ಕಡೆಗೆ ಒಪ್ಪುವ ಪಟ್ಟಿಯೇ. ಜೋಳ, ಹೆಸರು, ಶೇಂಗಾ ಇಲ್ಲಿ ಹೊಸದೇನಲ್ಲ.

ಮರುವರ್ಷ ಇದಕ್ಕೆ ಗಟ್ಟಿ ಸಾಕ್ಷಿಯೂ ಸಿಕ್ಕಿತು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂತು. ರೋಗಿಗಳಿಗಷ್ಟೇ ಅಲ್ಲ, ಅರ್ಧದಷ್ಟು ಕುಟುಂಬಗಳಲ್ಲಿ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟು ನೋಡಿದ್ದರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39 ಶೇಕಡ ಕಡಿಮೆಯಾಯಿತು. ಮೊದಲೆರಡು ತಿಂಗಳಲ್ಲಿ ತೂಕ ಶೇಕಡ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಸಾಧ್ಯತೆ ಶೇಕಡ 61ರಷ್ಟು ಕಡಿಮೆ ಇತ್ತು. ಮದ್ರಾಸಿನ ಅಧ್ಯಯನ ಸುಳ್ಳಾಗಲಿಲ್ಲ. ಅದು ಕೇಳಿದ ಪ್ರಶ್ನೆ ಬೇರೆ, ಇದು ಕೇಳಿದ್ದು ಬೇರೆ. 2024ರಲ್ಲಿ ಮನೆಮಂದಿಗೂ ಕಿಟ್ ಕೊಡಬಹುದು ಎಂದಾಯಿತು, ಆದರೆ ಅದೂ ಮಿತ್ರರ ಮೂಲಕವೇ.

ಗುಳಿಗೆ ಬರುವುದು ಬಜೆಟ್ಟಿನಿಂದ, ಕಿಟ್ ಬರುವುದು ದಾನಿಯಿಂದ. ಅಭಿಯಾನದ ದಿನ ವೇದಿಕೆ ಮೇಲೆ ಫೋಟೊ ತೆಗೆಸಿಕೊಂಡ ಮಿತ್ರ ನಾಲ್ಕನೇ ತಿಂಗಳೂ ಬರುತ್ತಾನೆಂದು ಬರೆದುಕೊಡುವವರಿಲ್ಲ. ಚೆನ್ನಾಗಿ ನಡೆಸುವ ಮಿತ್ರರೂ ಇದ್ದಾರೆ, ಸುಮ್ನೆ ದೂರಬಾರದು. ಆದರೂ ಮನೆಮಂದಿಗೆ ರೋಗ ಬರುವುದನ್ನು ತಗ್ಗಿಸುತ್ತದೆ ಎಂದು ಸಾಬೀತಾದ ವಸ್ತು ಇನ್ನೊಬ್ಬರ ಒಳ್ಳೆಯ ಮನಸ್ಸಿನ ಮೇಲೆ ನಿಂತಿದೆ.

ಕೊನೆಯಲ್ಲಿ ಸೇರಿದ ಪಾಲುದಾರ ಗ್ರಾಮ ಪಂಚಾಯಿತಿ. ವರ್ಷಕ್ಕೆ 1000 ಜನಕ್ಕೆ ಕನಿಷ್ಠ 30 ಪರೀಕ್ಷೆ ನಡೆಯಬೇಕು, ಸಿಗುವ ರೋಗಿಗಳು 1000ಕ್ಕೆ ಒಂದನ್ನು ಮೀರಬಾರದು, ಇನ್ನೂ ಕೆಲವು ಷರತ್ತುಗಳಿವೆ. ಗೆದ್ದರೆ ಪ್ರಮಾಣಪತ್ರದ ಜೊತೆ ಗಾಂಧಿ ಪ್ರತಿಮೆ. ಮೊದಲ ವರ್ಷ ಕಂಚಿನ ಬಣ್ಣದ್ದು, ಸತತ ಎರಡನೇ ವರ್ಷ ಬೆಳ್ಳಿಯದು, ಮೂರನೇ ವರ್ಷ ಚಿನ್ನದ್ದು. ಹುಡುಕಿ ಅಂತಲೂ ಹೇಳಿ, ಜಾಸ್ತಿ ಸಿಗಬಾರದು ಅಂತಲೂ ಹೇಳಿದರೆ ಪಿಡಿಒ ಏನು ಮಾಡಬೇಕು?

2025ರೊಳಗೆ ಟಿಬಿ ಮುಗಿಸುವುದಾಗಿ ದೇಶ 2018ರಲ್ಲಿ ಹೇಳಿಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ. ಇಳಿಕೆ ಸಣ್ಣದಲ್ಲ, ಗುರಿ ಮಾತ್ರ ಇನ್ನೂ ದೂರ ಇದೆ.

ಈಗ ಧಾರವಾಡ, ಗದಗ, ಹಾವೇರಿ ಎಂಬ ನಮ್ಮ ಮೂರು ಜಿಲ್ಲೆಗಳ ಸಿಬ್ಬಂದಿಗೆ ಹೆಚ್ಚು ತಲೆನೋವಾಗಿರುವುದು ಗುಳೆ. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾದವರು ಸುಗ್ಗಿ ಮುಗಿಯುತ್ತಲೇ ಗೋವಾಕ್ಕೋ ಮಂಗಳೂರಿಗೋ ಹೊರಡುತ್ತಾರೆ. ನಿಕ್ಷಯ್ ಐಡಿ ಇದ್ದರೆ ಗುಳಿಗೆಯನ್ನು ಅಲ್ಲಿನ ದವಾಖಾನೆಯಲ್ಲೇ ಪಡೆಯಬಹುದು. 1000 ರೂಪಾಯಿಯೂ ಖಾತೆಗೆ ಬೀಳುತ್ತದೆ. ಊರಿನ ಮಿತ್ರ ಕೊಡುತ್ತಿದ್ದ ಕಿಟ್ ಮಾತ್ರ ಊರಲ್ಲೇ ಉಳಿಯುತ್ತದೆ. ಹೋದ ಕಡೆ ಇನ್ನೊಬ್ಬ ಮಿತ್ರ ಸಿಗಬೇಕು, ಅಥವಾ ಕೂಲಿಯಲ್ಲೇ ಮೊಟ್ಟೆ ಕೊಳ್ಳಬೇಕು.