ಗಾರೆ ಅಂದರೆ ಸಿಮೆಂಟ್ ಅಲ್ಲ

ಹೋದ ತಿಂಗಳು ಪರಿಚಯದವರ ತೋಟದ ಮನೆಯ ಗೃಹಪ್ರವೇಶ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಲಸಿನ ಮರದ ಬಾಗಿಲು. ‘ಎಲ್ಲಾ ನ್ಯಾಚುರಲ್ಲು, ಗೋಡೆಗೂ ಗಾರೆನೇ ಮಾಡಿಸಿದ್ದೀವಿ’ ಅಂದರು. ಹಿತ್ತಲಲ್ಲಿ ಖಾಲಿ ಸಿಮೆಂಟ್ ಚೀಲಗಳ ರಾಶಿ ಬಿದ್ದಿತ್ತು. ಈ ವರ್ಷ ಇದು ಮೂರನೇ ಮನೆ.

ಗಾರೆ ಕೆಲಸ, ಗಾರೆ ಮೇಸ್ತ್ರಿ ಅನ್ನೋದು ಸರಿಯೇ. ಸಾಮಾನು ಬದಲಾಯಿತು, ಕಸುಬಿನ ಹೆಸರು ಉಳಿಯಿತು, ಅಷ್ಟೆ. ಆದರೆ ಸಿಮೆಂಟ್ ಬಳಿದು ‘ನಮ್ಮ ಅಜ್ಜನ ಕಾಲದ ಗಾರೆ’ ಅಂದರೆ ಸುಮ್ನಿರೋಕಾಗಲ್ಲ.

ಗಾರೆ ಅಂದರೆ ಸುಣ್ಣ, ಮರಳು ಕಲಸಿ ಅರೆದದ್ದು. ತಮಿಳಿನಲ್ಲಿ ಇದೇ ಕಾರೈ, ತೆಲುಗಿನಲ್ಲಿ ಗಾರ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ನಮ್ಮ ಪದ ಅದಕ್ಕಿಂತ ಎಷ್ಟೋ ಹಳೆಯದು. ಸುಣ್ಣ ಅನ್ನೋದು ಸಂಸ್ಕೃತದ ಚೂರ್ಣದಿಂದ ಬಂದಿದೆ, ಪುಡಿ ಅಂತ ಅರ್ಥ. ಇಟ್ಟಿಗೆ ಪುಡಿಗೆ ಸುರ್ಕಿ ಅಂತೀವಲ್ಲ, ಅದು ಪಾರ್ಸಿಯ ಸುರ್ಖ್, ಅಂದರೆ ಕೆಂಪು. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರೋದು ಸುಣ್ಣ ಬೆರೆಸಿದ ಈ ಸುರ್ಕಿ ಗಾರೆಯೇ. ಎಲ್ಲಕ್ಕಿಂತ ತಮಾಷೆ ಗಿಲಾವು. ಪಾರ್ಸಿಯಲ್ಲಿ ಗಿಲ್ ಅಂದರೆ ಮಣ್ಣು, ಆಬ್ ಅಂದರೆ ನೀರು. ಬರೀ ಕೆಸರು! ಈಗ ‘ಗಿಲಾವು ಮಾಡಿಸಿದೆ’ ಅಂದರೆ ಸಿಮೆಂಟ್ ಮೆತ್ತಿಸಿದೆ ಅಂತ.

ಕೆಂಪು ನೆಲದ್ದೂ ಇದೇ ಕತೆ. ರೆಡ್ ಆಕ್ಸೈಡ್ ಹಾಕಿ ಉಜ್ಜಿದ ನೆಲವನ್ನು ಗಾರೆ ನೆಲ ಅಂತಾರೆ. ಚೆಂದವೇ, ಬೇಸಿಗೆಯಲ್ಲಿ ಬರಿಗಾಲಿಗೆ ಹಿತವೇ. ಆದರೆ ಆ ಬಣ್ಣದ ಕೆಳಗೆ ಇರೋದು ಸಿಮೆಂಟು.

ಬರೀ ಪದದ ಜಗಳ ಅಂದುಕೊಂಡರೆ ಕೆಟ್ಟಿರಿ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಅರಳಿದ ಮೇಲೆ ಗೋಡೆಗೆ ಹಚ್ಚಿದರೆ ಗಾಳಿಯಿಂದ ಅದೇ ಅನಿಲ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಇದಕ್ಕೆ ವಾರಗಳು ಬೇಕು, ತಿಂಗಳುಗಳೂ ಬೇಕು. ಗೃಹಪ್ರವೇಶದ ಮುಹೂರ್ತ ಅಷ್ಟು ದಿನ ಕಾಯಲ್ಲ, ಅದು ಬೇರೆ ಮಾತು. ಹೀಗೆ ಗಟ್ಟಿಯಾದ ಗಾರೆ ತೇವವನ್ನು ಒಳಗೆ ಕೂಡಿಹಾಕಲ್ಲ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಹೀರಿಕೊಂಡದ್ದನ್ನು ಬಿಸಿಲು ಬಂದಾಗ ಬಿಟ್ಟುಕೊಡಬಹುದು. ಸಿಮೆಂಟ್ ಆ ದಾರಿಯನ್ನೇ ಮುಚ್ಚಿಬಿಡುತ್ತದೆ.

ನಮ್ಮ ಊರ ಮನೆಯಲ್ಲಿ ಇದನ್ನು ನೋಡಿದ್ದೇನೆ. ಗಟ್ಟಿಯಾಗಿರಲಿ ಅಂತ ನಾವೇ ಹಳೇ ಮಣ್ಣು ಗೋಡೆಗೆ ಸಿಮೆಂಟ್ ಹಾಕಿಸಿದೆವು. ಎರಡು ಮಳೆಗಾಲ ಕಳೆಯಿತು. ಬೆರಳಿನಲ್ಲಿ ತಟ್ಟಿದರೆ ಟೊಳ್ಳು ಸದ್ದು. ಮೂರನೇ ವರ್ಷ ಒಂದು ರಾತ್ರಿ ಬಾಗಿಲಗಲದ ಸಿಮೆಂಟ್ ಚಕ್ಕೆ ಕಳಚಿ ಬಿತ್ತು. ಅದರ ಬೆನ್ನಿಗೆ ಎರಡು ಇಂಚು ಮಣ್ಣು ಅಂಟಿಕೊಂಡಿತ್ತು, ಮುಟ್ಟಿದರೆ ಒದ್ದೆ. ಸಿಮೆಂಟಿಗೆ ಏನೂ ಆಗಿರಲಿಲ್ಲ. ಹೋಗಿದ್ದು ಗೋಡೆ.

ಗೃಹಪ್ರವೇಶದ ಮನೆಯಲ್ಲಿ ಊಟ ಮುಗಿಸಿ ಮೇಸ್ತ್ರಿಯವರನ್ನು ಹುಡುಕಿಕೊಂಡು ಹೋದೆ. ಅವರದ್ದೇನೂ ತಪ್ಪಿಲ್ಲ, ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದರು. ಗೋಡೆಯ ಅಂಚು ದಾರ ಹಿಡಿದ ಹಾಗಿತ್ತು. ‘ಗಾರೆಗೆ ಸುಣ್ಣ ಎಷ್ಟು ದಿನ ನೆನೆಸಿದ್ರಿ?’ ಅಂತ ಕೇಳಿದೆ.

‘ಸುಣ್ಣಾನಾ? ಅದು ಕೊನೇಲಿ ಹೊಡೆಯೋದಲ್ವಾ ಸರ್?’